ಹಳೆಯ ವ್ಯಾನಿಟಿ ಕ್ಯಾಬಿನೆಟ್ಟಿಗೆ ಹೊಸ ಕಲ್ಲಿನ ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಲುಂಡ್, ಥಾಣೆ, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಬಾತ್‌ರೂಮ್ ದುರಸ್ತಿಯ ಮಾತು ಬಂದಾಗಲೆಲ್ಲ, ವಾಶ್‌ಬೇಸಿನ್ನಿನ ಕೆಳಗಿನ ಮರದ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿಕೊಂಡು ಮೇಲಿನ ಕಲ್ಲನ್ನು ಮಾತ್ರ ಹೊಸದು ಮಾಡಲು ಬರುತ್ತದೆಯೇ ಎಂದು ಕೇಳುವವರು ಹೆಚ್ಚು. ನೆಂಟರು, ನೆರೆಯವರು ಬೇರೆಬೇರೆ ಸಮಯದಲ್ಲಿ ಕೇಳಿದ ಪ್ರಶ್ನೆಗಳನ್ನೂ, ಕೆಲಸವನ್ನು ಹತ್ತಿರದಿಂದ ನೋಡಿ, ಮಾಡಿಸಿ ತಿಳಿದುಕೊಂಡ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕ್ಯಾಬಿನೆಟ್ ಉಳಿಸಿಕೊಂಡು ಟಾಪ್ ಮಾತ್ರ ಬದಲಿಸಬಹುದೇ?

ಪೆಟ್ಟಿಗೆ ಗಟ್ಟಿಯಾಗಿದ್ದರೆ ಖಂಡಿತ ಬದಲಿಸಬಹುದು. ಆದರೆ ಗಟ್ಟಿಯಾಗಿದೆಯೇ ಎಂಬುದನ್ನು ಬಾಗಿಲಿನ ಲ್ಯಾಮಿನೇಟ್ ನೋಡಿ ತೀರ್ಮಾನಿಸಬಾರದು. ಒಳಗಿನ ಸಾಮಾನನ್ನೆಲ್ಲ ಹೊರಗಿಟ್ಟು, ಟಾರ್ಚ್ ಹಿಡಿದು, ಒಂದು ಸ್ಕ್ರೂಡ್ರೈವರಿನ ಮೊನೆಯಿಂದ ಕೆಳಗಿನ ಹಲಗೆಯನ್ನೂ, ಪೈಪು ಗೋಡೆಯೊಳಗೆ ಹೋಗುವ ಜಾಗದ ಸುತ್ತಲನ್ನೂ, ಗೋಡೆಗೆ ತಾಗಿದ ಹಿಂಬದಿಯ ಅಂಚನ್ನೂ ಒತ್ತಿ ನೋಡಬೇಕು. ಮೊನೆ ಸುಲಭವಾಗಿ ಒಳಗಿಳಿದರೆ ಪ್ಲೈವುಡ್ ಪದರಗಳು ಬಿಟ್ಟಿವೆ ಎಂದರ್ಥ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿರಬಹುದು. ಆಮೇಲೆ ಪೆಟ್ಟಿಗೆಯ ಬಾಯಿಯನ್ನು ಮೂಲೆಯಿಂದ ಮೂಲೆಗೆ ಎರಡೂ ದಿಕ್ಕಿನಲ್ಲಿ ಅಳೆಯಬೇಕು. ಎರಡು ಅಳತೆಗಳು ಸರಿಸಮ ಬಂದರೆ ಪೆಟ್ಟಿಗೆ ವಾಲಿಲ್ಲ.

ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಮುದ್ರೆ ಕಂಡರೆ ಅದು ಮರೀನ್ ಪ್ಲೈ, ನೀರಿನ ಜಾಗಕ್ಕೆಂದೇ ಮಾಡಿದ್ದು. ಸಾಮಾನ್ಯ ಕಮರ್ಷಿಯಲ್ ಪ್ಲೈ ಆಗಿದ್ದರೂ ಒಣಗಿ ಉಳಿದಿದ್ದರೆ ಕೆಲಸಕ್ಕೆ ಬರುತ್ತದೆ. ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆ ಒಮ್ಮೆ ನೀರು ಕುಡಿದು ಉಬ್ಬಿದ್ದರೆ ಅದು ಮತ್ತೆ ಹಳೆಯ ಸ್ಥಿತಿಗೆ ಬರುವುದಿಲ್ಲ. ಅದರ ಮೇಲೆ ಕಲ್ಲು ಕೂರಿಸಲೇಬೇಡಿ. ಒಂದು ಬದಿಯ ಹಲಗೆ ಮಾತ್ರ ಹಾಳಾಗಿದ್ದರೆ ಬಡಗಿಯಿಂದ ಅದನ್ನಷ್ಟೇ ಬದಲಿಸಿಕೊಂಡು ಮುಂದುವರಿಯಬಹುದು.

ಕಲ್ಲಿನ ಭಾರವನ್ನು ಪೆಟ್ಟಿಗೆ ಹೊರುತ್ತದೆಯೇ?

ಇದಕ್ಕೆ ಅಂದಾಜಿನ ಉತ್ತರ ಬೇಡ, ಲೆಕ್ಕವೇ ಇದೆ. ಗ್ರಾನೈಟಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ. ಅಂದರೆ 18 ಮಿಲಿಮೀಟರ್ ದಪ್ಪದ ಒಂದು ಚದರ ಅಡಿ ಕಲ್ಲು ಸುಮಾರು 4.5 ಕಿಲೋ ತೂಗುತ್ತದೆ. 36 ಇಂಚು ಉದ್ದ, 21 ಇಂಚು ಅಗಲದ ಟಾಪ್ ಐದೂಕಾಲು ಚದರ ಅಡಿ ಆಗುವುದರಿಂದ, ಬೇಸಿನ್ನಿಗೆ ತೂತು ತೆಗೆಯುವ ಮೊದಲು ಅದರ ತೂಕ ಸುಮಾರು 24 ಕಿಲೋ. ಅದರ ಮೇಲೆ ಪಿಂಗಾಣಿ ಬೇಸಿನ್ನು, ಅದರಲ್ಲಿ ನಿಂತ ನೀರು, ಕನ್ನಡಿ ನೋಡುವಾಗ ಎರಡು ಕೈಯೂರಿ ಬಾಗುವ ಮನುಷ್ಯರ ಭಾರ ಸೇರುತ್ತದೆ.

ನೆಲದ ಮೇಲೆ ನಿಂತಿರುವ ಮುಕ್ಕಾಲು ಇಂಚಿನ ಪ್ಲೈ ಪೆಟ್ಟಿಗೆ ಇಷ್ಟನ್ನು ತಾಳಿಕೊಳ್ಳುತ್ತದೆ. ಗೋಡೆಗೆ ತೂಗುಹಾಕಿದ ಪೆಟ್ಟಿಗೆಯಲ್ಲಿ ಮಾತ್ರ ಭಾರವೆಲ್ಲ ಸ್ಕ್ರೂಗಳ ಮೇಲೆ ಬೀಳುತ್ತದೆ. ಇಟ್ಟಿಗೆಯ ಗೋಡೆಯಾದರೆ ಒಂದು ಮಾತು. ಹೊಸ ಟವರ್‌ಗಳಲ್ಲಿ ಒಳಗೋಡೆಗಳನ್ನು ಎಎಸಿ ಎಂಬ, ಒಳಗೆ ಗಾಳಿಗುಳ್ಳೆಗಳಿರುವ ಹಗುರವಾದ ಸಿಮೆಂಟ್ ಬ್ಲಾಕಿನಿಂದ ಕಟ್ಟಿರುತ್ತಾರೆ, ಅಲ್ಲಿ ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ತುರುಕುವ ಸಾಮಾನ್ಯ ಪ್ಲಾಸ್ಟಿಕ್ ಗುಲ್ಲಿ ಸಡಿಲವಾಗುತ್ತದೆ. ಅಂಥ ಗೋಡೆಗೆಂದೇ ಬರುವ ಫಾಸ್ಟನರ್ ಕೇಳಿ ಹಾಕಿಸಬೇಕು.

ನಮ್ಮದು ಪಿವಿಸಿ ಕ್ಯಾಬಿನೆಟ್. ಅದಕ್ಕೂ ಇದೇ ನಿಯಮವೇ?

ಅಲ್ಲ. ಪಿವಿಸಿ ಹಲಗೆ ನೀರಿಗೆ ಹೆದರುವುದಿಲ್ಲ, ಆದರೆ ಒಳಗೆ ಟೊಳ್ಳಾಗಿರುವ ಹಲಗೆಯಲ್ಲಿ ಸ್ಕ್ರೂ ಬಿಗಿಯಾಗಿ ಕೂರುವುದಿಲ್ಲ. ಕಲ್ಲಿನ ಭಾರವನ್ನು ಸ್ಟೇನ್‌ಲೆಸ್ ಸ್ಟೀಲಿನ ಎಲ್ ಆಕಾರದ ಬ್ರಾಕೆಟ್‌ಗಳ ಮೂಲಕ ಗೋಡೆಗೇ ಒಪ್ಪಿಸಿ, ಪೆಟ್ಟಿಗೆಯನ್ನು ಅದರ ಕೆಳಗೆ ಬರೀ ಕಪಾಟಿನಂತೆ ಇಡುವುದು ಸರಿಯಾದ ಕ್ರಮ.

ಯಾವ ಕಲ್ಲು ಒಳ್ಳೆಯದು?

ನನ್ನ ಮತ ಗ್ರಾನೈಟಿಗೆ. ಅದು ಗಟ್ಟಿ, ಸಾಬೂನಿಗೂ ಟೂತ್‌ಪೇಸ್ಟಿಗೂ ಜಗ್ಗುವುದಿಲ್ಲ, ಕಟ್ ಪೀಸ್ ಸುಲಭವಾಗಿ ಸಿಗುತ್ತದೆ. ನಮ್ಮ ಚಾಮರಾಜನಗರದ ಕಪ್ಪು ಕಲ್ಲನ್ನೂ ಇಳಕಲ್ಲಿನ ಕೆಂಪು ಕಲ್ಲನ್ನೂ ಮಹಾರಾಷ್ಟ್ರದ ಗೋದಾಮಿನಲ್ಲಿ ಸಾಲಾಗಿ ನಿಲ್ಲಿಸಿರುವುದನ್ನು ಕಂಡಾಗ ಊರಿನವರನ್ನು ಕಂಡಷ್ಟೇ ಸಂತೋಷವಾಗುತ್ತದೆ. ಅಚ್ಚ ಕಪ್ಪಿಗೆ ಒಂದು ಎಚ್ಚರಿಕೆಯಿದೆ: ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ಮುಂಬಯಿಗೆ ಬರುವ ನಲ್ಲಿ ನೀರು ಮೃದುವಾದದ್ದು, ಆದರೆ ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಬಳಸುವ ಸೊಸೈಟಿಗಳಲ್ಲಿ ಒಣಗಿದ ಪ್ರತಿ ಹನಿಯೂ ಕಪ್ಪು ಕಲ್ಲಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಅಲ್ಲಿಗೆ ಬೂದು ಅಥವಾ ಕಂದು ಚುಕ್ಕೆಯ ಕಲ್ಲು ವಾಸಿ.

ಮಾರ್ಬಲ್ ಸುಂದರವಾದರೂ ಅದು ಸುಣ್ಣದ ಜಾತಿಯ ಕಲ್ಲು. ನಿಂಬೆರಸ, ಟಾಯ್ಲೆಟ್ ತೊಳೆಯುವ ಆಸಿಡ್ ತಾಗಿದ ಕಡೆ ಹೊಳಪು ಶಾಶ್ವತವಾಗಿ ಹೋಗುತ್ತದೆ, ಕೊಬ್ಬರಿ ಎಣ್ಣೆ ಬಾಟಲಿಯ ತಳದ ಉಂಗುರವೂ ಅರಿಶಿನದ ಕೈಯ ಗುರುತೂ ಒಳಗಿಳಿಯುತ್ತವೆ. ಇಲ್ಲಿಯವರು ಕಡಪ್ಪಾ ಎನ್ನುವ ಕಪ್ಪು ಕಲ್ಲೂ ಸುಣ್ಣದ ಕಲ್ಲೇ. ಕೆಳಗಿನ ಆಧಾರಕ್ಕೆ, ಒಳಗಿನ ಅಡ್ಡಹಲಗೆಗೆ ಅದು ಅಗ್ಗ ಮತ್ತು ಉತ್ತಮ, ಮೇಲಿನ ಟಾಪಿಗೆ ಬೇಡ. ಕ್ವಾರ್ಟ್ಜ್ ಎಂದು ಮಾರುವುದು ಕಲ್ಲಿನ ಪುಡಿಯನ್ನು ರಾಳದಲ್ಲಿ ಬೆರೆಸಿ ಒತ್ತಿದ ಹಲಗೆ. ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ಕಡಿಮೆ, ಆದರೆ ಬಿಸಿ ಇಸ್ತ್ರಿಯನ್ನೋ ಕೂದಲು ನೇರ ಮಾಡುವ ಸಾಧನವನ್ನೋ ಅದರ ಮೇಲಿಟ್ಟರೆ ರಾಳ ಬಣ್ಣಗೆಡುತ್ತದೆ. ಕ್ವಾರ್ಟ್ಜ್ ಕತ್ತರಿಸುವ ವಿಷಯದಲ್ಲಿ ಹೇಳಲೇಬೇಕಾದದ್ದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಅಳತೆ ಹೇಗೆ ತೆಗೆದುಕೊಳ್ಳಬೇಕು?

ಹಳೆಯ ಟಾಪನ್ನು ಅಳೆದು ಅದೇ ಅಳತೆಯನ್ನು ಅಂಗಡಿಗೆ ಕೊಡುವುದೇ ಹೆಚ್ಚಿನ ತಪ್ಪುಗಳ ಮೂಲ. ಪೆಟ್ಟಿಗೆಯನ್ನೂ ಗೋಡೆಯನ್ನೂ ಅಳೆಯಬೇಕು. ಉದ್ದವನ್ನು ಗೋಡೆಯ ಬದಿ, ನಡುವೆ, ಮುಂಭಾಗ ಹೀಗೆ ಮೂರು ಕಡೆ ಅಳೆದು ಮೂರನ್ನೂ ಬರೆದುಕೊಳ್ಳಿ. ಎರಡು ಗೋಡೆಗಳ ನಡುವಿನ ಮೂಲೆಯಲ್ಲಿ ಟಾಪ್ ಕೂರುವುದಾದರೆ ಮೂಲೆ ನೇರವಾಗಿದೆಯೇ ನೋಡಬೇಕು: ಮೂಲೆಯಿಂದ ಒಂದು ಗೋಡೆಯ ಮೇಲೆ 15 ಇಂಚಿಗೆ, ಇನ್ನೊಂದರ ಮೇಲೆ 20 ಇಂಚಿಗೆ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಅಳೆದಾಗ ಸರಿಯಾಗಿ 25 ಇಂಚು ಬಂದರೆ ಮೂಲೆ ನೇರವಾಗಿದೆ. ಟೈಲ್ಸ್ ಮೇಲೆ ಟೈಲ್ಸ್ ಹಾಕಿದ ಹಳೆಯ ಕಟ್ಟಡಗಳಲ್ಲಿ ಹಾಗೆ ಬರುವುದು ಅಪರೂಪ.

ಆದ್ದರಿಂದ ದಪ್ಪ ರಟ್ಟಿನಲ್ಲಿ ಪೂರ್ತಿ ಅಳತೆಯ ಮಾದರಿಯನ್ನು ಕತ್ತರಿಸಿ, ಪೆಟ್ಟಿಗೆಯ ಮೇಲಿಟ್ಟು, ಗೋಡೆಯ ಸೊಟ್ಟಕ್ಕೆ ತಕ್ಕಂತೆ ಸರಿಪಡಿಸಿ, ಅದರ ಮೇಲೆ ‘ಮೇಲ್ಮೈ’, ‘ಗೋಡೆಯ ಬದಿ’ ಎಂದು ಬರೆದು ಅಂಗಡಿಗೆ ಒಯ್ಯುವುದೇ ಸುರಕ್ಷಿತ. ಮಾದರಿಯನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದ ಕಲ್ಲನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಗೋಡೆಗಳ ಕಡೆ ಒಂದು ಸೂತ್‌ನಷ್ಟು ಸಡಿಲ ಬಿಡಬೇಕು. ನಮ್ಮೂರ ಬಡಗಿಗಳು ನೂಲು ಎನ್ನುವುದನ್ನೇ ಇಲ್ಲಿಯವರು ಸೂತ್ ಎನ್ನುತ್ತಾರೆ, ಇಂಚಿನ ಎಂಟನೆಯ ಒಂದು ಭಾಗ. ಮುಂಭಾಗದಲ್ಲಿ ಕಲ್ಲು ಬಾಗಿಲಿಗಿಂತ ಅರ್ಧದಿಂದ ಒಂದು ಇಂಚು ಹೊರಗೆ ಬರಬೇಕು. ಹೊರಚಾಚಿದ ಆ ಭಾಗದ ಅಡಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಕಟರಿನಿಂದ ಉದ್ದಕ್ಕೂ ಒಂದು ಸಣ್ಣ ಗೀರು ಹಾಕಿಸಿದರೆ ಅಂಚಿನಿಂದ ಇಳಿದ ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ಕಲ್ಲಿನ ಅಡಿಯಲ್ಲಿ ಹರಿದು ಬಾಗಿಲಿನ ಮೇಲಂಚನ್ನು ತಲುಪುವುದಿಲ್ಲ. ಪ್ಲೈ ಪೆಟ್ಟಿಗೆಯ ಆಯುಷ್ಯಕ್ಕೆ ಇದಕ್ಕಿಂತ ಅಗ್ಗದ ಉಪಕಾರ ಇನ್ನೊಂದಿಲ್ಲ.

ಟೇಬಲ್‌ಟಾಪ್ ಬೇಸಿನ್ ಹಾಕಿಸಿದರೆ ಎತ್ತರ ಹೆಚ್ಚಾಗುವುದಿಲ್ಲವೇ?

ಆಗುತ್ತದೆ. ಈ ಬೇಸಿನ್ನು ಕಲ್ಲಿನೊಳಗೆ ಇಳಿಯದೆ ಅದರ ಮೇಲೆಯೇ ಕೂರುತ್ತದೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹಳೆಯ ಪೆಟ್ಟಿಗೆಗಳನ್ನು ಕಲ್ಲಿನೊಳಗೆ ಇಳಿಯುವ ಬೇಸಿನ್ನಿಗೆಂದು ಮಾಡಿರುತ್ತಾರೆ. 31 ಇಂಚಿನ ಪೆಟ್ಟಿಗೆ, ಮುಕ್ಕಾಲು ಇಂಚಿನ ಕಲ್ಲು, ಐದೂವರೆ ಇಂಚಿನ ಬೇಸಿನ್ನು ಸೇರಿದರೆ ಅಂಚು ನೆಲದಿಂದ 37 ಇಂಚು ದಾಟುತ್ತದೆ. ಮುಖ ತೊಳೆಯಲು ಹಿತವಾದ ಎತ್ತರ 32ರಿಂದ 34 ಇಂಚು.

ನಮ್ಮ ಮನೆಯಲ್ಲೇ ಈ ತಪ್ಪು ನಡೆಯಿತು. ಬೇಸಿನ್ನು ನೋಡಲು ಬಹಳ ಚೆನ್ನಾಗಿತ್ತು. ಐದು ಅಡಿಗೂ ಕಡಿಮೆ ಎತ್ತರದ ಅಮ್ಮ ಮೊಣಕೈ ಎತ್ತಿ ಮುಖ ತೊಳೆಯಬೇಕಾಗಿ ಬಂದು, ನೀರು ತೋಳಿನುದ್ದಕ್ಕೂ ಇಳಿದು ಸೀರೆಯ ಸೆರಗು ದಿನವೂ ಒದ್ದೆಯಾಗುತ್ತಿತ್ತು. ಅವರು ದೂರಲಿಲ್ಲ, ಅಡುಗೆಮನೆಯ ಸಿಂಕಿನಲ್ಲಿ ಮುಖ ತೊಳೆಯಲು ಶುರುಮಾಡಿದ್ದರು. ಅದು ನನ್ನ ಗಮನಕ್ಕೆ ಬರಲು ಎರಡು ವಾರ ಹಿಡಿಯಿತು. ಆಮೇಲೆ ಎಲ್ಲವನ್ನೂ ಬಿಚ್ಚಿಸಿ, ಪೆಟ್ಟಿಗೆಯ ಬುಡದ ನಾಲ್ಕು ಇಂಚಿನ ಪೀಠವನ್ನು ಕೊಯ್ಯಿಸಿ ಇಳಿಸಬೇಕಾಯಿತು. ಕಲ್ಲು ಆರಿಸುವ ಮೊದಲು, ಮನೆಯ ಅತ್ಯಂತ ಗಿಡ್ಡ ವ್ಯಕ್ತಿಯನ್ನು ಬೇಸಿನ್ನಿನ ಮುಂದೆ ನಿಲ್ಲಿಸಿ, ಹೊಸ ಅಂಚು ಬರುವ ಎತ್ತರದಲ್ಲಿ ಒಂದು ಪಾತ್ರೆ ಇಟ್ಟು ಮುಖ ತೊಳೆದಂತೆ ಮಾಡಿಸಿ ನೋಡಿ.

ನಲ್ಲಿಯೂ ಇದಕ್ಕೆ ಹೊಂದಬೇಕು. ಟೇಬಲ್‌ಟಾಪ್ ಬೇಸಿನ್ನಿಗೆ ಉದ್ದ ಕತ್ತಿನ ನಲ್ಲಿ ಬೇಕು, ಅದರ ಧಾರೆ ಬೇಸಿನ್ನಿನ ತಳದ ಜಾಳಿಯ ಆಸುಪಾಸಿನಲ್ಲಿ ಬೀಳಬೇಕು. ಹಿಂಬದಿಯ ಇಳಿಜಾರಿಗೆ ಬಿದ್ದರೆ ನೀರು ಸಿಡಿಯುತ್ತದೆ.

ತೂತುಗಳನ್ನು ಯಾವ ಅಳತೆಯಲ್ಲಿ, ಯಾರಿಂದ ತೆಗೆಸಬೇಕು?

ಒಂದೇ ಹಿಡಿಯ ಬೇಸಿನ್ ಮಿಕ್ಸರಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ತೂತು, ಟೇಬಲ್‌ಟಾಪ್ ಬೇಸಿನ್ನಿನ ನೀರು ಹೊರಹೋಗುವ ವೇಸ್ಟ್ ಕಪ್ಲಿಂಗಿಗೆ ಸುಮಾರು 45 ಮಿಲಿಮೀಟರ್. ಆದರೂ ಬೇಸಿನ್ನನ್ನೂ ನಲ್ಲಿಯನ್ನೂ ಮೊದಲು ಕೊಂಡು, ಕೈಯಲ್ಲಿಟ್ಟುಕೊಂಡೇ ಕಲ್ಲು ಕೊಯ್ಯಿಸಬೇಕು. ಬೇಸಿನ್ನು ಬಂದ ರಟ್ಟಿನ ಡಬ್ಬದೊಳಗೆ ಕಾಗದದ ನಕ್ಷೆ ಬಂದಿದ್ದರೆ ಅದನ್ನು ಎಸೆಯಬೇಡಿ.

ತೂತನ್ನು ದುಂಡಗೆ ಕೊರೆಯುವ ಕೋರ್ ಕಟರಿನಿಂದ, ನೀರು ಬಿಡುತ್ತಾ ತೆಗೆಯಬೇಕು. ಉಳಿ ಸುತ್ತಿಗೆಯಿಂದ ಹೊಡೆದು ತೆಗೆದ ತೂತಿನ ಬಾಯಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಇಂಥ ಕಟರುಗಳು ದಕ್ಷಿಣ ಮುಂಬಯಿಯ ನಾಗದೇವಿ ಬೀದಿಯ ಉಪಕರಣದ ಅಂಗಡಿಗಳಲ್ಲಿ ಸಿಗುತ್ತವೆಯಾದರೂ, ಒಂದು ಟಾಪಿಗಾಗಿ ಕೊಳ್ಳುವುದಕ್ಕಿಂತ ಕಲ್ಲಿನ ಅಂಗಡಿಯಲ್ಲೇ ಮಾಡಿಸುವುದು ಲೇಸು. ಬೇಸಿನ್ನಿಗಾಗಿ ದೊಡ್ಡ ಚೌಕ ಕತ್ತರಿಸುವಾಗ ಒಳಮೂಲೆಗಳು ದುಂಡಗಿರಲಿ, ಏಕೆಂದರೆ ಚೂಪಾದ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ತೂತಿನ ಮುಂದೆ ಮತ್ತು ಹಿಂದೆ ಉಳಿಯುವ ಕಲ್ಲಿನ ಪಟ್ಟಿ ಎರಡೂವರೆ ಇಂಚಿಗಿಂತ ಕಡಿಮೆಯಾಗದಿರಲಿ.

ಹಳೆಯ ಟಾಪನ್ನು ತೆಗೆಯುವುದು ಹೇಗೆ?

ಬೇಸಿನ್ನಿನ ಕೆಳಗೆ ನೀರು ನಿಲ್ಲಿಸಲೆಂದು ಇರುವ ಎರಡೂ ಆಂಗಲ್ ಕಾಕ್‌ಗಳನ್ನು ಮುಚ್ಚಿ, ನಲ್ಲಿ ತೆರೆದು ನೀರು ಬರುವುದು ನಿಂತಿದೆಯೇ ಎಂದು ನೋಡಿ. ವರ್ಷಗಟ್ಟಲೆ ತಿರುಗಿಸದ ಕಾಕ್ ಪೂರ್ತಿ ಮುಚ್ಚದಿದ್ದರೆ ಅದನ್ನೂ ಇದೇ ಸಮಯದಲ್ಲಿ ಬದಲಿಸಿಬಿಡಿ. ಕನೆಕ್ಷನ್ ಪೈಪ್, ಒಳಗೆ ಸ್ವಲ್ಪ ನೀರು ನಿಲ್ಲಿಸಿಕೊಂಡು ವಾಸನೆ ತಡೆಯುವ ಬಾಟಲ್ ಟ್ರಾಪ್ ಬಿಚ್ಚಿದ ಮೇಲೆ ಗೋಡೆಯೊಳಗಿನ ವೇಸ್ಟ್ ಪೈಪಿನ ಬಾಯಿಗೆ ಬಟ್ಟೆ ತುರುಕಬೇಕು. ವಾಸನೆಯೂ ಜಿರಲೆಯೂ ಬರುವುದಿಲ್ಲ, ಕಲ್ಲಿನ ಚೂರೂ ಒಳಗೆ ಬೀಳುವುದಿಲ್ಲ. ಆಮೇಲೆ ಗೋಡೆಯ ಸಂದಿನ ಮತ್ತು ಪೆಟ್ಟಿಗೆಯ ಮೇಲಂಚಿನ ಸಿಲಿಕೋನನ್ನು ಕಟರ್ ಬ್ಲೇಡಿನಿಂದ ಕೊಯ್ದು, ಮರದ ಬೆಣೆಗಳನ್ನು ಮೆಲ್ಲನೆ ತೂರಿಸುತ್ತಾ ಇಬ್ಬರು ಸೇರಿ ಎತ್ತಬೇಕು.

ಕಲ್ಲಿನ ಹಿಂಬದಿ ಗೋಡೆಯ ಟೈಲ್ಸ್ ಒಳಗೆ ಹುಗಿದಿದ್ದರೆ?

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಇದು ಸಾಮಾನ್ಯ. ಕಿತ್ತರೆ ಟೈಲ್ಸ್ ಒಡೆಯುತ್ತದೆ, ಅದೇ ಬಣ್ಣದ ಟೈಲ್ಸ್ ಈಗ ಸಿಗುವುದಿಲ್ಲ. ಗೋಡೆಯ ಅಂಚಿಗೆ ಸಮನಾಗಿ ಕಲ್ಲನ್ನು ಕೊಯ್ದು, ಹುಗಿದ ಭಾಗವನ್ನು ಅಲ್ಲೇ ಬಿಟ್ಟು, ಹೊಸ ಟಾಪಿನ ಹಿಂದೆ ಮೂರು ನಾಲ್ಕು ಇಂಚು ಎತ್ತರದ ಕಲ್ಲಿನ ಪಟ್ಟಿ ನಿಲ್ಲಿಸಿದರೆ ಆ ಗಾಯ ಮುಚ್ಚಿಹೋಗುತ್ತದೆ. ಹಳೆಯ ಕಲ್ಲು ಅಲುಗದೆ ಸಮತಟ್ಟಾಗಿದ್ದರೆ ಅದರ ಮೇಲೆಯೇ 6 ಅಥವಾ 9 ಮಿಲಿಮೀಟರಿನ ಪೋರ್ಸಲಿನ್ ಹಲಗೆ ಅಂಟಿಸುವ ದಾರಿಯೂ ಇದೆ. ಆಗ ಮುಂಭಾಗದ ಅಂಚಿನ ದಪ್ಪ ಹೆಚ್ಚುವುದನ್ನೂ, ಡ್ರಾಯರ್ ಬಾಗಿಲು ತೆರೆಯಲು ಜಾಗ ಉಳಿಯುವುದನ್ನೂ ನೋಡಿಕೊಳ್ಳಬೇಕು.

ಹೊಸ ಕಲ್ಲನ್ನು ಕೂರಿಸುವ ಕ್ರಮವೇನು?

ಮೊದಲು ಪೆಟ್ಟಿಗೆಯ ಮೇಲಂಚಿನ ಹಳೆಯ ಅಂಟನ್ನು ಕೆರೆದು ತೆಗೆದು, ಪ್ಲೈನ ಕೊಯ್ದ ಅಂಚುಗಳಿಗೆಲ್ಲ ಎಪಾಕ್ಸಿಯನ್ನೋ ಆಯಿಲ್ ಪೇಂಟನ್ನೋ ಎರಡು ಸಲ ಹಚ್ಚಿ ಒಣಗಿಸಬೇಕು. ಪ್ಲೈ ನೀರು ಕುಡಿಯುವುದು ಮುಖದಿಂದಲ್ಲ, ಈ ಅಂಚಿನಿಂದ. ಕಲ್ಲು ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಆಮೇಲೆ ರಸಮಟ್ಟ ಇಟ್ಟು ಪೆಟ್ಟಿಗೆಯನ್ನು ಸಮ ಮಾಡಿಕೊಂಡು, ಅಂಟು ಹಾಕದೆ ಕಲ್ಲನ್ನು ಒಮ್ಮೆ ಇಟ್ಟು ನೋಡಬೇಕು. ಎಲ್ಲಿಯಾದರೂ ಕುಣಿದರೆ ಆ ಜಾಗಕ್ಕೆ ತೆಳುವಾದ ಪ್ಲಾಸ್ಟಿಕ್ ತುಂಡಿನ ಪ್ಯಾಕಿಂಗ್ ಕೊಡಬೇಕು. ಟಾಪ್ ಎಂದೂ ಗೋಡೆಯ ಕಡೆಗೆ ಇಳಿಜಾರಾಗಿ ಇರಬಾರದು. ಎಲ್ಲವೂ ಸರಿಯೆನಿಸಿದ ಮೇಲೆ ಕಲ್ಲನ್ನು ಎತ್ತಿ, ಅಡಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಪೆಟ್ಟಿಗೆಯ ಅಂಚಿನ ಮೇಲೆ ಆರೆಂಟು ಇಂಚಿಗೊಂದರಂತೆ ಸಿಲಿಕೋನಿನ ಬಿಲ್ಲೆಗಳನ್ನಿಟ್ಟು ಕಲ್ಲನ್ನು ನೇರವಾಗಿ ಇಳಿಸಬೇಕು. ಕಲ್ಲಿನ ಭಾರವೇ ಅದನ್ನು ಹಿಡಿದಿಡುತ್ತದೆ. ಕೆಲವು ಮಿಸ್ತ್ರಿಗಳು ಬಿಳಿ ಸಿಮೆಂಟ್ ಹಾಕುತ್ತೇನೆ ಎನ್ನುತ್ತಾರೆ, ಒಪ್ಪಬೇಡಿ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಸಿಮೆಂಟ್ ಅದಕ್ಕೆ ಬಾಗದೆ ಬಿರಿಯುತ್ತದೆ. ಮುಂದೆ ಎಂದಾದರೂ ಟಾಪ್ ತೆಗೆಯಬೇಕಾದಾಗ ಪೆಟ್ಟಿಗೆಯೂ ಹರಿದು ಬರುತ್ತದೆ. ಗೋಡೆಯ ಸಂದಿಗೂ ಇದೇ ಕಾರಣಕ್ಕೆ ಸಿಲಿಕೋನ್ ಮಾತ್ರ.

ಯಾವ ಸಿಲಿಕೋನ್?

ನ್ಯೂಟ್ರಲ್ ಎಂದು ಬರೆದಿರುವುದು. ವಿನೆಗರಿನಂಥ ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನಿನಿಂದ ಹೊರಡುವ ಆಮ್ಲ ಮಾರ್ಬಲನ್ನು ಕೊರೆಯುತ್ತದೆ, ಕನ್ನಡಿಯ ಬೆನ್ನಿನ ಬೆಳ್ಳಿಯನ್ನೂ ಕೆಡಿಸುತ್ತದೆ. ಬೂಸ್ಟು ಹಿಡಿಯದ ಸ್ಯಾನಿಟರಿ ಬಗೆಯದಾದರೆ ಇನ್ನೂ ಒಳ್ಳೆಯದು. ಇದು ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಗಟ್ಟಿಯಾಗುವುದರಿಂದ 24 ಗಂಟೆ ನೀರು ತಾಗಿಸಬೇಡಿ, ಎರಡು ದಿನ ಅದರ ಮೇಲೆ ಕೈಯೂರಬೇಡಿ.

ಮಳೆಗಾಲದಲ್ಲಿ ಈ ಕೆಲಸ ಮಾಡಿಸಬಹುದೇ?

ಸಿಲಿಕೋನ್ ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಅದಕ್ಕೆ ಮಳೆ ಅಡ್ಡಿಯಲ್ಲ. ಅಡ್ಡಿ ಇರುವುದು ಪ್ಲೈಗೆ ಮತ್ತು ಕಲ್ಲಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣ ಕರಾವಳಿಯ ಮನೆಗಳಲ್ಲಿ, ಗೋವೆಯಲ್ಲಂತೂ ಇನ್ನೂ ಹೆಚ್ಚಾಗಿ, ಬಣ್ಣ ಹಚ್ಚಿದ ಅಂಚು ಬೇಗ ಒಣಗುವುದಿಲ್ಲ. ಟೆಂಪೋದಲ್ಲಿ ನೆನೆದು ಬಂದ ತಿಳಿಬಣ್ಣದ ಕಲ್ಲಿನಲ್ಲಿ ನೀರು ಉಳಿದರೆ ವಾರಗಟ್ಟಲೆ ಕಪ್ಪು ಮಚ್ಚೆ ಕಾಣುತ್ತದೆ. ಗಣೇಶ ಚತುರ್ಥಿಗೆ ಮೊದಲು ಮುಗಿಯಲೇಬೇಕೆಂದು ಅವಸರ ಮಾಡುವುದಕ್ಕಿಂತ ದೀಪಾವಳಿ ಕಳೆದ ಮೇಲೆ ಶುರುಮಾಡುವುದು ಉತ್ತಮ.

ಕಲ್ಲನ್ನು ಮನೆಯಲ್ಲೇ ಕತ್ತರಿಸಿದರೆ ಆಗದೇ?

ದಯವಿಟ್ಟು ಬೇಡ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದೊಳಗೆ ಉಳಿದು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ, ಅದು ವಾಸಿಯಾಗುವುದಿಲ್ಲ. ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಶೇಕಡ 90ಕ್ಕಿಂತ ಹೆಚ್ಚಿರಬಹುದು. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಹಲಗೆಗಳನ್ನು ನಿಷೇಧಿಸಿತು. ಬಾಲ್ಕನಿಯಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಣ ಕಲ್ಲು ಕೊಯ್ಯುವ ಇಪ್ಪತ್ತರ ಹುಡುಗನ ಆಯುಷ್ಯ ನಮ್ಮ ಬಾತ್‌ರೂಮಿಗಾಗಿ ಕಡಿಮೆಯಾಗಬಾರದು. ಕೊಯ್ತ, ತೂತು, ಅಂಚಿನ ಪಾಲಿಶ್ ಎಲ್ಲವೂ ಅಂಗಡಿಯಲ್ಲಿ ನೀರು ಹಾಯಿಸುವ ಯಂತ್ರದಲ್ಲೇ ಆಗಲಿ. ಒಂದೆರಡು ಸೂತ್ ಮನೆಯಲ್ಲಿ ತೆಗೆಯಲೇಬೇಕಾದರೆ ನೀರು ಸುರಿಯುತ್ತಾ ತೆಗೆಯಲಿ, ಎನ್95 ಮಾಸ್ಕನ್ನು ನೀವೇ ಕೊಂಡುಕೊಡಿ.

ಮೇಲಿನ ಮಹಡಿಗೆ ಸಾಗಿಸುವಾಗ ಒಡೆಯುವುದಿಲ್ಲವೇ?

ಮಲಗಿಸಿ ಹಿಡಿದರೆ ಒಡೆಯುತ್ತದೆ, ಅದೂ ಬೇಸಿನ್ನಿನ ತೂತಿನ ಮುಂದಿನ ಕಿರಿದಾದ ಪಟ್ಟಿಯಲ್ಲಿ. ಕಲ್ಲನ್ನು ಯಾವಾಗಲೂ ಉದ್ದದ ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು. ಲಿಫ್ಟಿನ ಒಳಗಿನ ಅಳತೆಯನ್ನೂ ಸೊಸೈಟಿಯಲ್ಲಿ ಕೆಲಸಕ್ಕೆ ಅನುಮತಿಯಿರುವ ಸಮಯವನ್ನೂ ಮೊದಲೇ ಕೇಳಿಕೊಳ್ಳಿ.

ಕೆಲಸ ಮುಗಿದಾಗ ಏನನ್ನು ಪರೀಕ್ಷಿಸಬೇಕು?

ಟ್ರಾಪಿನ ಕೆಳಗೆ ಒಣ ವೃತ್ತಪತ್ರಿಕೆ ಹಾಸಿ, ಬೇಸಿನ್ನನ್ನು ತುಂಬಿಸಿ, ನೀರನ್ನು ಒಮ್ಮೆಲೇ ಬಿಡಿ. ಒಂದೇ ಹನಿ ಬಿದ್ದರೂ ಕಾಗದದ ಮೇಲೆ ಕಾಣುತ್ತದೆ. ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡಿ. ಮಡಚುವ ಸುಕ್ಕು ಪೈಪನ್ನು ಟ್ರಾಪಿನ ಬದಲಿಗೆ ಹಾಕಿದ್ದರೆ ಬದಲಿಸಲು ಹೇಳಿ, ಅದರ ಸುಕ್ಕುಗಳಲ್ಲಿ ಕೂದಲೂ ಸಾಬೂನೂ ಕಟ್ಟಿಕೊಳ್ಳುತ್ತವೆ.

ಗ್ರಾನೈಟಿಗೆ, ನೀರು ಹೀರದಂತೆ ತಡೆಯುವ ಸೀಲರ್ ಹಚ್ಚಲೇಬೇಕೇ?

ಕಲ್ಲಿನ ಮೇಲೆ ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ. ಒರೆಸಿದ ಮೇಲೆ ಗಾಢವಾದ ಮಚ್ಚೆ ಉಳಿದರೆ ಹಚ್ಚಬೇಕು, ಉಳಿಯದಿದ್ದರೆ ಬೇಡ. ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿದರೆ ಸಾಕು. ದಿನದ ಶುಚಿಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಸಾಲುತ್ತದೆ.

ತೆಗೆದ ಹಳೆಯ ಕಲ್ಲನ್ನು ಏನು ಮಾಡುವುದು?

ಒಡೆಯದೆ ಬಂದಿದ್ದರೆ ಅಂಗಡಿಯವರಿಂದಲೇ ಅದನ್ನು ಪಟ್ಟಿಗಳಾಗಿ ಕೊಯ್ಯಿಸಿಕೊಳ್ಳಿ. ಬಾತ್‌ರೂಮಿನ ಹೊಸ್ತಿಲಿಗೆ, ಕಿಟಕಿಯ ಕೆಳಅಂಚಿಗೆ, ಬಾಲ್ಕನಿಯಲ್ಲಿ ತುಳಸಿ ಕುಂಡದ ಅಡಿಗೆ ಅದು ಸರಿಯಾಗಿ ಒದಗುತ್ತದೆ. ಒಡೆದ ಚೂರುಗಳನ್ನು ಗೋಣಿಯಲ್ಲಿ ಕಟ್ಟಿ ಕಟ್ಟಡದ ಅವಶೇಷವೆಂದೇ ಬೇರೆಯಾಗಿ ಕೊಡಬೇಕು; ಹಸಿ ಕಸ, ಒಣ ಕಸದ ಡಬ್ಬಿಗೆ ಹಾಕಿದರೆ ಅದನ್ನು ಕೈಯಿಂದ ಎತ್ತುವವರ ಬೆರಳು ಕೊಯ್ಯುತ್ತದೆ.